ಮೊದಲ ಮುರಿತಕ್ಕೂ ಮೊದಲೇ: ಟೊಳ್ಳಾಗುವ ಮೂಳೆಗಳ ಆರೈಕೆ

ನಿಂತ ಎತ್ತರದಿಂದ ಬಿದ್ದ ಮಾತ್ರಕ್ಕೆ ಆರೋಗ್ಯವಂತ ಮೂಳೆ ಮುರಿಯುವುದಿಲ್ಲ. ಬಚ್ಚಲಲ್ಲಿ ಜಾರಿ ಕೈಯೂರಿದಾಗ ಮಣಿಕಟ್ಟು ಮುರಿಯಬಹುದು. ಹೊಸ್ತಿಲು ಎಡವಿ ಬಿದ್ದಾಗ ಸೊಂಟದ ಮೂಳೆ ಮುರಿಯಬಹುದು. ನೀರಿನ ಕೊಡ ಎತ್ತುವಾಗ ಬೆನ್ನಲ್ಲಿ ಚಳಕು ಹೊಡೆದು, ಎಕ್ಸ್‌ರೇ ತೆಗೆಸಿದಾಗ ಬೆನ್ನುಮೂಳೆಯ ಒಂದು ಮಣಿ ಕುಸಿದಿರುವುದು ಕಾಣಬಹುದು. ಇಂಥ ಕಡೆಯೆಲ್ಲ ಮೊದಲು ಅನುಮಾನಿಸಬೇಕಾದದ್ದು ಮೂಳೆಯ ಬಲವನ್ನು. ಮೂಳೆಯ ಸಾಂದ್ರತೆ ತಗ್ಗಿ, ಒಳಗಿನ ಹೆಣಿಗೆ ತೆಳುವಾಗಿ, ಸಣ್ಣ ಪೆಟ್ಟಿಗೂ ಮುರಿಯುವಂತಾಗುವ ಈ ಸ್ಥಿತಿಗೆ ವೈದ್ಯರು ಆಸ್ಟಿಯೊಪೊರೋಸಿಸ್ ಎನ್ನುತ್ತಾರೆ.

ಕಾಯಿಲೆ ಬಂದಿದೆ ಎಂದು ಸಾರುವ ನೋವಾಗಲಿ ಊತವಾಗಲಿ ಇದಕ್ಕಿಲ್ಲ. ಮಂಡಿನೋವು, ಬೆರಳ ಗಂಟುಗಳ ಊತ ಇವೆಲ್ಲ ಕೀಲಿನ ಕಾಯಿಲೆಗಳು. ಅವುಗಳ ಚಿಕಿತ್ಸೆಯೇ ಬೇರೆ. ಮೂಳೆ ವರ್ಷಗಟ್ಟಲೆ ಸದ್ದಿಲ್ಲದೆ ಟೊಳ್ಳಾಗುತ್ತ ಹೋಗುತ್ತದೆ, ಬಹುಪಾಲು ಜನರಿಗೆ ಮುರಿತವೇ ಮೊದಲ ಲಕ್ಷಣ. ಆ ಮೊದಲ ಮುರಿತಕ್ಕೆ ಪ್ಲಾಸ್ಟರ್ ಹಾಕಿಸಿ, ಆರು ವಾರ ಕಳೆದ ಮೇಲೆ ಬಿಚ್ಚಿಸಿ, ಕಾರಣವನ್ನು ಹುಡುಕದೆ ಬಿಟ್ಟುಬಿಡುವುದು ಈ ಕಾಯಿಲೆಯ ವಿಷಯದಲ್ಲಿ ಆಗುವ ಅತಿ ದೊಡ್ಡ ಲೋಪ. ಒಮ್ಮೆ ಹೀಗೆ ಮೂಳೆ ಮುರಿದವರಿಗೆ ಮತ್ತೊಮ್ಮೆ ಮುರಿಯುವ ಸಂಭವ ಸುಮಾರು ಎರಡು ಪಟ್ಟು ಹೆಚ್ಚು.

ಅಂತರರಾಷ್ಟ್ರೀಯ ಆಸ್ಟಿಯೊಪೊರೋಸಿಸ್ ಪ್ರತಿಷ್ಠಾನದ ಅಂದಾಜಿನಂತೆ ಜಗತ್ತಿನಲ್ಲಿ 50 ದಾಟಿದ ಮೂವರು ಹೆಂಗಸರಲ್ಲಿ ಒಬ್ಬರಿಗೆ, ಐವರು ಗಂಡಸರಲ್ಲಿ ಒಬ್ಬರಿಗೆ ಉಳಿದ ಆಯುಷ್ಯದಲ್ಲಿ ಇಂಥ ಮುರಿತವಾಗುತ್ತದೆ. ಭಾರತೀಯರಲ್ಲಿ ಸೊಂಟದ ಮುರಿತ ಪಾಶ್ಚಾತ್ಯರಿಗಿಂತ ಸುಮಾರು ಹತ್ತು ವರ್ಷ ಮೊದಲೇ ಬರುತ್ತದೆ.

ಮೂಳೆಯ ಒಳಗೆ

ಮೂಳೆ ಜೀವಂತ ಅಂಗಾಂಶ. ಹಳೆಯ ಮೂಳೆಯನ್ನು ಕರಗಿಸುವ ಜೀವಕೋಶಗಳು ಒಂದು ಕಡೆ, ಆ ಕುಳಿಯನ್ನು ಹೊಸ ಮೂಳೆಯಿಂದ ತುಂಬುವ ಜೀವಕೋಶಗಳು ಇನ್ನೊಂದು ಕಡೆ ಸದಾ ಕೆಲಸದಲ್ಲಿರುತ್ತವೆ. ಕರಗಿಸುವ ಕೆಲಸ ಕೆಲವೇ ವಾರಗಳಲ್ಲಿ ಮುಗಿದರೆ ತುಂಬುವ ಕೆಲಸಕ್ಕೆ ತಿಂಗಳುಗಳು ಬೇಕು. ವಯಸ್ಕರಲ್ಲಿ ಪ್ರತಿ ವರ್ಷ ಅಸ್ಥಿಪಂಜರದ ಸುಮಾರು ಶೇ 10 ಭಾಗ ಹೀಗೆ ಹೊಸದಾಗುತ್ತದೆ. ಎಳವೆಯಲ್ಲಿ ಕಟ್ಟುವ ಕೈ ಮೇಲಾಗಿರುತ್ತದೆ. 25ರಿಂದ 30 ವರ್ಷದ ಹೊತ್ತಿಗೆ ಮೂಳೆ ತನ್ನ ಗರಿಷ್ಠ ಸಾಂದ್ರತೆ ಮುಟ್ಟುತ್ತದೆ. ಕೆಲವು ವರ್ಷ ಸಮತೋಲ ಇರುತ್ತದೆ. ಆಮೇಲೆ ಕರಗುವುದೇ ಹೆಚ್ಚಾಗುತ್ತದೆ. ಇಪ್ಪತ್ತರೊಳಗೆ ಎಷ್ಟು ಮೂಳೆ ಕಟ್ಟಿಕೊಂಡಿತ್ತು ಎಂಬುದರ ಮೇಲೆಯೇ ಅರವತ್ತರ ನಂತರದ ಬಲ ಬಹುಪಾಲು ನಿಂತಿದೆ. ಆದ್ದರಿಂದ ಕರ್ನಾಟಕದ ಶಾಲೆಗಳಲ್ಲಿ 2013ರ ಆಗಸ್ಟ್‌ನಲ್ಲಿ ಆರಂಭವಾದ ಕ್ಷೀರಭಾಗ್ಯದ ಒಂದು ಲೋಟ ಹಾಲು, 2024ರಲ್ಲಿ ಅದಕ್ಕೆ ಸೇರಿದ ರಾಗಿ ಮಾಲ್ಟ್ ಇವು ಮುಪ್ಪಿನ ಕಾಯಿಲೆಯ ತಡೆಯೂ ಹೌದು. ಡಯಟ್ ಹೆಸರಿನಲ್ಲಿ ಊಟ ಬಿಡುವ ಹದಿಹರೆಯದ ಹುಡುಗಿಯರು ಕಳೆದುಕೊಳ್ಳುವುದೂ ಇದನ್ನೇ.

ದೇಹದಲ್ಲಿರುವ ಸುಮಾರು ಒಂದು ಕಿಲೊ ಕ್ಯಾಲ್ಸಿಯಂನಲ್ಲಿ ಶೇ 99 ಮೂಳೆ, ಹಲ್ಲುಗಳಲ್ಲಿದೆ. ಉಳಿದ ಶೇ 1ರಿಂದ ಹೃದಯ, ಸ್ನಾಯು, ನರಗಳ ಕೆಲಸ ನಡೆಯಬೇಕು. ಆ ಪ್ರಮಾಣ ಸ್ವಲ್ಪ ಇಳಿದರೂ ಪ್ಯಾರಾಥೈರಾಯ್ಡ್ ಹಾರ್ಮೋನು ಮೂಳೆಯಿಂದ ಕ್ಯಾಲ್ಸಿಯಂ ಎಳೆದು ರಕ್ತಕ್ಕೆ ಸೇರಿಸುತ್ತದೆ. ಹಾಗಾಗಿ ರಕ್ತಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸರಿಯಾಗಿದೆ ಎಂದು ಬಂದ ಮಾತ್ರಕ್ಕೆ ಮೂಳೆ ಗಟ್ಟಿಯಾಗಿದೆ ಎಂದಲ್ಲ. ಮೂಳೆಯನ್ನು ಸವೆಸಿಯೇ ರಕ್ತ ತನ್ನ ಲೆಕ್ಕ ಸರಿದೂಗಿಸಿಕೊಂಡಿರಬಹುದು.

ಹೆಂಗಸರಲ್ಲಿ ಈಸ್ಟ್ರೊಜೆನ್ ಹಾರ್ಮೋನು ಮೂಳೆ ಕರಗುವುದಕ್ಕೆ ಕಡಿವಾಣ ಹಾಕಿರುತ್ತದೆ. ಮುಟ್ಟು ನಿಂತಾಗ ಆ ಕಡಿವಾಣ ತಪ್ಪುತ್ತದೆ, ಮೊದಲ ಐದರಿಂದ ಏಳು ವರ್ಷಗಳಲ್ಲಿ ಸಾಂದ್ರತೆ ಶೇ 20ರವರೆಗೂ ಕುಸಿಯಬಹುದು. ಭಾರತದ ಹೆಂಗಸರಿಗೆ ಸರಾಸರಿ 46–47ರ ವಯಸ್ಸಿಗೆ ಮುಟ್ಟು ನಿಲ್ಲುತ್ತದೆ. ಪಾಶ್ಚಾತ್ಯ ಹೆಂಗಸರಿಗಿಂತ ಇದು ನಾಲ್ಕೈದು ವರ್ಷ ಮೊದಲು. ಮೊದಲು ಪೆಟ್ಟು ಬೀಳುವುದು ಜೇನುಹಟ್ಟಿಯಂತೆ ಒಳಗೆ ಜಾಲರಿಯಿರುವ ಮೂಳೆಗಳಿಗೆ, ಅಂದರೆ ಬೆನ್ನುಮೂಳೆಯ ಮಣಿಗಳು, ಮಣಿಕಟ್ಟು, ತೊಡೆಮೂಳೆಯ ಕತ್ತು ಇವಕ್ಕೆ. ಮುರಿತಗಳೂ ಈ ಮೂರು ಕಡೆಯೇ ಹೆಚ್ಚು.

ಯಾರಿಗೆ ಅಪಾಯ ಹೆಚ್ಚು

ತಂದೆಗೋ ತಾಯಿಗೋ ಸೊಂಟದ ಮುರಿತವಾಗಿದ್ದವರು, ತೀರ ತೆಳ್ಳಗಿರುವವರು, 45ಕ್ಕೂ ಮೊದಲೇ ಮುಟ್ಟು ನಿಂತವರು, ಬೀಡಿ, ಸಿಗರೇಟು, ಮದ್ಯದ ಅಭ್ಯಾಸವಿರುವವರು ಈ ಸಾಲಿನಲ್ಲಿ ಮೊದಲಿಗರು. ಇವರ ಜೊತೆಗೇ ಗರ್ಭಕೋಶ ತೆಗೆಸಿಕೊಂಡವರನ್ನೂ ಸೇರಿಸಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು ಶೇ 3ರಷ್ಟು ಮಂದಿ ಈ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದಾರೆ, ಅವರಲ್ಲಿ ಎಷ್ಟೋ ಮಂದಿ ಮೂವತ್ತರ ಹರೆಯದವರು. ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆದಿದ್ದರೆ ಈಸ್ಟ್ರೊಜೆನ್ ಅಂದೇ ನಿಂತುಹೋಗುತ್ತದೆ. ಅಂಡಾಶಯ ಉಳಿಸಿದ್ದರೂ ಅದು ಒಂದೆರಡು ವರ್ಷ ಮೊದಲೇ ಸೋಲುವುದುಂಟು. ಮೂವತ್ತೈದರ ಕೂಲಿ ಹೆಂಗಸೊಬ್ಬಳು ಬಿಳಿಮುಟ್ಟಿನ ತೊಂದರೆಗೆಂದು ಹೋಗಿ ಅಂಡಾಶಯ ಸಮೇತ ತೆಗೆಸಿಕೊಂಡು ಬಂದರೆ ಐವತ್ತಕ್ಕೇ ಅವಳ ಮೂಳೆ ಎಪ್ಪತ್ತರ ಮೂಳೆಯಾಗುವ ಅಪಾಯವಿದೆ. ಶಸ್ತ್ರಚಿಕಿತ್ಸೆಗೆ ಒಪ್ಪುವ ಮೊದಲು ಅಂಡಾಶಯ ತೆಗೆಯುತ್ತಾರೆಯೇ, ಏಕೆ ಎಂದು ಕೇಳಿ ತಿಳಿಯುವುದು ಆಕೆಯ ಹಕ್ಕು. ಡಿಸ್ಚಾರ್ಜ್ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಮುಂದೆ ಮೂಳೆಯ ವೈದ್ಯರಿಗೆ ಬೇಕಾಗುವ ಕಾಗದ ಅದು.

ಔಷಧಗಳಲ್ಲಿ ಮೂಳೆಗೆ ಅತಿ ಕೆಟ್ಟದ್ದು ಸ್ಟೀರಾಯ್ಡ್. ಆಸ್ತಮಾ, ಸಂಧಿವಾತ, ಚರ್ಮದ ಕಾಯಿಲೆಗಳಿಗೆ ಪ್ರೆಡ್ನಿಸೊಲೋನ್‌ನಂಥ ಮಾತ್ರೆಯನ್ನು ಮೂರು ತಿಂಗಳಿಗೂ ಮೀರಿ ತೆಗೆದುಕೊಳ್ಳುವವರು ಮೂಳೆಯ ರಕ್ಷಣೆಯ ಬಗ್ಗೆ ಮೊದಲ ದಿನವೇ ವೈದ್ಯರನ್ನು ಕೇಳಬೇಕು. ಹಾಗೆಂದು ಅದನ್ನು ತಾವಾಗಿಯೇ ಥಟ್ಟನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಕೀಲುನೋವಿಗೆ ಎರಡೇ ದಿನದಲ್ಲಿ ಗುಣ ಕೊಡುವ, ಹೆಸರು ವಿಳಾಸವಿಲ್ಲದ ಪುಡಿ, ಗುಳಿಗೆಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಮತ್ತೆ ಮತ್ತೆ ಪತ್ತೆಯಾಗಿದೆ. ಮುಖ ದುಂಡಗಾಗಿ ಊದಿಕೊಂಡರೆ, ಚರ್ಮ ತೆಳುವಾಗಿ ಅಲ್ಲಲ್ಲಿ ನೀಲಿಗಟ್ಟಿದರೆ ಆ ಪುಡಿಯ ಮೇಲೆ ಅನುಮಾನ ಪಡಬೇಕು. ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್, ಸ್ತನ ಮತ್ತು ಪ್ರಾಸ್ಟೇಟ್ ಕ್ಯಾನ್ಸರಿನ ಹಾರ್ಮೋನು ತಡೆಯುವ ಚಿಕಿತ್ಸೆ, ಬೇಕಾದ್ದಕ್ಕಿಂತ ಹೆಚ್ಚಾದ ಥೈರಾಯ್ಡ್ ಮಾತ್ರೆ ಇವೂ ಮೂಳೆಯನ್ನು ತೆಳುವಾಗಿಸುತ್ತವೆ. ಗಂಡಸರಲ್ಲಿ ಈ ಕಾಯಿಲೆ ಕಂಡರೆ ಹಿಂದೆ ಇನ್ನೊಂದು ಕಾರಣ ಅಡಗಿರುವುದೇ ಹೆಚ್ಚು, ಹುಡುಕಲೇಬೇಕು.

ಕರ್ನಾಟಕದ ಕೆಲವು ಪ್ರದೇಶಗಳಿಗೆ ಇನ್ನೊಂದು ತೊಡಕಿದೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಮುಂಡರಗಿ, ಕೊಪ್ಪಳ, ರಾಯಚೂರು ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುಗಟ್ಟುವುದಷ್ಟೇ ಅಲ್ಲ, ಮೂಳೆಗೂ ಫ್ಲೋರೈಡ್ ಸೇರುತ್ತದೆ. ಅಂಥ ಮೂಳೆ ಎಕ್ಸ್‌ರೇಯಲ್ಲಿ ದಟ್ಟವಾಗಿ ಕಾಣುತ್ತದೆ, ಆದರೆ ಪೆಡಸಾಗಿ ಮುರಿಯುತ್ತದೆ. ಸಾಂದ್ರತೆಯ ಪರೀಕ್ಷೆಯೂ ಮೋಸಗೊಳಿಸಬಹುದು. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಊರಿನ ಶುದ್ಧ ನೀರಿನ ಘಟಕದ ನೀರೋ ಸಂಗ್ರಹಿಸಿದ ಮಳೆನೀರೋ ಅಲ್ಲಿನವರಿಗೆ ದಾರಿ.

ಪರೀಕ್ಷೆ

ಬೆನ್ನುಮೂಳೆಯ ಮುರಿತಗಳಲ್ಲಿ ಮೂರರಲ್ಲಿ ಎರಡು ಭಾಗ ವೈದ್ಯರ ಗಮನಕ್ಕೇ ಬರುವುದಿಲ್ಲ. ಯೌವನದ ಎತ್ತರಕ್ಕಿಂತ ನಾಲ್ಕು ಸೆಂಟಿಮೀಟರ್ ಕುಗ್ಗಿದ್ದರೆ, ಗೋಡೆಗೆ ಬೆನ್ನು, ಹಿಮ್ಮಡಿ ತಾಗಿಸಿ ನಿಂತಾಗ ತಲೆಯ ಹಿಂಭಾಗ ಗೋಡೆ ಮುಟ್ಟದಿದ್ದರೆ, ರವಿಕೆಯ ಹಿಂಬದಿ ಮೇಲೇರಿ ಮುಂಬದಿ ಜೋತರೆ ಅದನ್ನು ವಯಸ್ಸಿನ ಬಾಗು ಎಂದು ತಳ್ಳಿಹಾಕದೆ ಬೆನ್ನಿನ ಎಕ್ಸ್‌ರೇ ಮಾಡಿಸಬೇಕು.

ಕಾಯಿಲೆಯನ್ನು ಖಚಿತಪಡಿಸುವುದು ಡೆಕ್ಸಾ ಸ್ಕ್ಯಾನ್. ಸೊಂಟ ಮತ್ತು ಕೆಳಬೆನ್ನಿನ ಮೂಳೆಯ ಸಾಂದ್ರತೆಯನ್ನು ಅದು ಹತ್ತು ಹದಿನೈದು ನಿಮಿಷದಲ್ಲಿ ಅಳೆಯುತ್ತದೆ. ವಿಕಿರಣ ತೀರ ಅಲ್ಪ, ಚುಚ್ಚುವುದೇನಿಲ್ಲ. ಫಲಿತಾಂಶ ಟಿ-ಸ್ಕೋರ್ ರೂಪದಲ್ಲಿ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ನಿಗದಿಪಡಿಸಿದಂತೆ ಮೈನಸ್ 1ರವರೆಗೆ ಸಹಜ, ಮೈನಸ್ 1ರಿಂದ 2.5ರ ನಡುವೆ ಇದ್ದರೆ ಸಾಂದ್ರತೆ ಕಡಿಮೆ, ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್. ಸಣ್ಣ ಪೆಟ್ಟಿಗೆ ಸೊಂಟವೋ ಬೆನ್ನಿನ ಮಣಿಯೋ ಮುರಿದಿದ್ದರೆ ಸ್ಕೋರ್ ಏನೇ ಇರಲಿ ಕಾಯಿಲೆ ಇದೆ ಎಂದೇ ಲೆಕ್ಕ. 65 ದಾಟಿದ ಎಲ್ಲ ಹೆಂಗಸರಿಗೂ, ಮೇಲೆ ಹೇಳಿದ ಅಪಾಯಗಳಲ್ಲಿ ಒಂದಿದ್ದರೂ ಮುಟ್ಟು ನಿಂತ ಕೂಡಲೇ ಈ ಪರೀಕ್ಷೆ ಬೇಕು. ಬಡಾವಣೆಯ ಉಚಿತ ಶಿಬಿರಗಳಲ್ಲಿ ಹಿಮ್ಮಡಿಗೆ ಯಂತ್ರ ಹಿಡಿದು ಹೇಳುವ ಅಂಕಿ ಬರೀ ಸೂಚನೆ. ಅದನ್ನು ನಂಬಿ ಮಾತ್ರೆ ಶುರುಮಾಡುವುದು ಸರಿಯಲ್ಲ. ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯ 2008ರಲ್ಲಿ ಬಿಡುಗಡೆ ಮಾಡಿದ ಫ್ರಾಕ್ಸ್ ಎಂಬ ಲೆಕ್ಕಾಚಾರದಿಂದ ಮುಂದಿನ ಹತ್ತು ವರ್ಷಗಳಲ್ಲಿ ಮುರಿತವಾಗುವ ಸಂಭವವನ್ನು ವೈದ್ಯರು ಅಂದಾಜು ಮಾಡುತ್ತಾರೆ.

ಸ್ಕ್ಯಾನ್ ಜೊತೆಗೆ ರಕ್ತಪರೀಕ್ಷೆಗಳೂ ಬೇಕು: ಕ್ಯಾಲ್ಸಿಯಂ, ರಂಜಕ, ಆಲ್ಕಲೈನ್ ಫಾಸ್ಫಟೇಸ್, ಕ್ರಿಯಾಟಿನಿನ್, ಥೈರಾಯ್ಡ್, ವಿಟಮಿನ್ ಡಿ. ಡಿ ವಿಟಮಿನ್ನಿನ ತೀವ್ರ ಕೊರತೆಯಿಂದ ಮೂಳೆ ಮೆತ್ತಗಾಗುವ ಇನ್ನೊಂದು ಕಾಯಿಲೆ ಭಾರತದಲ್ಲಿ ಸಾಮಾನ್ಯ. ಡೆಕ್ಸಾದಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ಆದರೆ ಮೂಳೆ ಒತ್ತಿದರೆ ನೋವು, ಕೆಳಗೆ ಕುಳಿತವರಿಗೆ ಕೈಯೂರದೆ ಏಳಲಾಗದಿರುವುದು ಎರಡನೆಯದರ ಗುರುತು. ಅದಕ್ಕೆ ಬೇಕಾದದ್ದು ವಿಟಮಿನ್ ಮತ್ತು ಕ್ಯಾಲ್ಸಿಯಂ. ಮೂಳೆ ಕರಗುವುದನ್ನು ತಡೆಯುವ ಔಷಧ ಕೊಟ್ಟರೆ ಅಪಾಯ.

ತಟ್ಟೆಯಲ್ಲಿ ಕ್ಯಾಲ್ಸಿಯಂ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಪರಿಷ್ಕರಿಸಿದ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ 1,000 ಮಿಲಿಗ್ರಾಂ, ಮುಟ್ಟು ನಿಂತ ಹೆಂಗಸರಿಗೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಅನ್ನ ಸಾರು, ಎರಡು ಹೊತ್ತಿನ ಕಾಫಿ ಇಷ್ಟರಲ್ಲೇ ದಿನ ಕಳೆಯುವವರಿಗೆ ಇದರ ಅರ್ಧವೂ ಸಿಗುವುದಿಲ್ಲ. ನೂರು ಗ್ರಾಂ ಅಕ್ಕಿಯಲ್ಲಿರುವುದು 10 ಮಿಲಿಗ್ರಾಂ ಆಸುಪಾಸು, ಜೋಳದಲ್ಲಿ 30ರ ಒಳಗೆ. ಅದೇ ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಸುತ್ತಮುತ್ತ ಇದೆ. ಧಾನ್ಯಗಳಲ್ಲಿ ಇದಕ್ಕೆ ಸಾಟಿಯಿಲ್ಲ. ರಾಗಿಯ ಫೈಟೇಟ್ ಅಂಶ ಕ್ಯಾಲ್ಸಿಯಂ ಅನ್ನು ಹಿಡಿದಿಡುತ್ತದೆ ನಿಜ. ಮೊಳಕೆ ಕಟ್ಟಿ ಮಾಡಿದ ಹಿಟ್ಟು, ರಾತ್ರಿ ಹುಳಿಗಿಟ್ಟ ಅಂಬಲಿಗಳಲ್ಲಿ ಆ ಹಿಡಿತ ಸಡಿಲವಾಗುತ್ತದೆ. ಹಳ್ಳಿಗಳ ಹಳೆಯ ಪದ್ಧತಿ ಇಲ್ಲಿ ಪೌಷ್ಟಿಕತೆಗೂ ಸರಿಹೊಂದುತ್ತದೆ.

ಜೋಳದ ರೊಟ್ಟಿಯ ಸೀಮೆಯಲ್ಲಿ ಕ್ಯಾಲ್ಸಿಯಂ ಬರಬೇಕಾದದ್ದು ರೊಟ್ಟಿಯ ಪಕ್ಕದಿಂದ: ಗಟ್ಟಿ ಮೊಸರು, ಗುರೆಳ್ಳು ಚಟ್ನಿಪುಡಿ, ಸೊಪ್ಪಿನ ಪಲ್ಯ. ಹಾಲು, ಮೊಸರಿನ ಕ್ಯಾಲ್ಸಿಯಂ ದೇಹಕ್ಕೆ ಸುಲಭವಾಗಿ ಹತ್ತುತ್ತದೆ, 200 ಮಿಲಿಲೀಟರಿನ ಲೋಟದಲ್ಲಿ ಸುಮಾರು 240 ಮಿಲಿಗ್ರಾಂ. ಹಾಲು ಒಗ್ಗದವರಿಗೂ ಮೊಸರು, ಮಜ್ಜಿಗೆ ಸಾಮಾನ್ಯವಾಗಿ ಒಗ್ಗುತ್ತದೆ. ಆದರೆ ನೀರುಮಜ್ಜಿಗೆಯನ್ನು ಹಾಲಿನ ಲೆಕ್ಕಕ್ಕೆ ಹಿಡಿಯಬಾರದು. ನುಗ್ಗೆಸೊಪ್ಪು, ದಂಟಿನ ಸೊಪ್ಪುಗಳಲ್ಲಿ ನೂರು ಗ್ರಾಂಗೆ 300 ಮಿಲಿಗ್ರಾಂ ಮೇಲಿದೆ, ಹುರುಳಿಯಲ್ಲಿ 270ರ ಹತ್ತಿರ. ಪಾಲಕ್‌ನ ಆಕ್ಸಲೇಟ್ ತನ್ನ ಕ್ಯಾಲ್ಸಿಯಂ ಅನ್ನೇ ಕಟ್ಟಿಹಾಕುವುದರಿಂದ ಮೂಳೆಯ ಮಟ್ಟಿಗೆ ಅದರಿಂದ ಪ್ರಯೋಜನ ಕಡಿಮೆ. ಕರಿಬೇವಿನ ಎಲೆಯನ್ನು ಆರಿಸಿ ತಟ್ಟೆಯ ಅಂಚಿಗಿಡುವ ಬದಲು ಒಣಗಿಸಿ ಚಟ್ನಿಪುಡಿ ಮಾಡಿದರೆ ದಿನವೂ ಹೊಟ್ಟೆ ಸೇರುತ್ತದೆ. ಎಳ್ಳಿನಲ್ಲಿ ಕ್ಯಾಲ್ಸಿಯಂ ಅಪಾರ, ನೂರು ಗ್ರಾಂಗೆ 1,200 ಮಿಲಿಗ್ರಾಂ ಮೀರುತ್ತದೆ. ಆದರೆ ಅದು ಹೆಚ್ಚಾಗಿ ಸಿಪ್ಪೆಯಲ್ಲಿದೆ, ಪೂರ್ತಿ ಹೀರಲ್ಪಡುವುದೂ ಇಲ್ಲ. ಕರಾವಳಿಯವರಿಗೆ ಮುಳ್ಳು ಸಮೇತ ಅಗಿದು ತಿನ್ನುವ ಸಣ್ಣ ಮೀನು ಒಳ್ಳೆಯ ಮೂಲ.

ನೂರು ಗ್ರಾಂ ಹಿಟ್ಟಿನ ಮುದ್ದೆ, ಎರಡು ಲೋಟ ಹಾಲು ಮೊಸರು, ಒಂದು ಬಟ್ಟಲು ಸೊಪ್ಪಿನ ಸಾರು ಇಷ್ಟಾದರೆ 1,000ದ ಮೇಲೆ ಆಯಿತು. ಇಷ್ಟು ತಿನ್ನುವವರಿಗೆ ಕ್ಯಾಲ್ಸಿಯಂ ಮಾತ್ರೆ ಬೇಕಾಗುವುದೇ ಅಪರೂಪ.

ಪ್ರೋಟೀನನ್ನು ಮರೆಯುವುದು ಸಾಮಾನ್ಯ. ಮೂಳೆಯ ತೂಕದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಪ್ರೋಟೀನೇ. ಸ್ನಾಯು ಸೊರಗಿದರೆ ಬೀಳುವುದೂ ಹೆಚ್ಚು. ವಯಸ್ಸಾದವರಿಗೆ ದೇಹತೂಕದ ಕಿಲೊಗೆ ಒಂದು ಗ್ರಾಂನಷ್ಟು ಬೇಕು. ಹಲ್ಲಿಲ್ಲವೆಂದು ತಿಳಿಸಾರು ಅನ್ನಕ್ಕೆ ಇಳಿದ ಅಜ್ಜಿಗೆ ಮೆತ್ತಗೆ ಬೆಂದ ತೊವ್ವೆ, ಮೊಟ್ಟೆ, ಹುರಿಗಡಲೆ ಹಿಟ್ಟು, ಪನೀರ್ ಕೊಡಬಹುದು. ಮೂತ್ರಪಿಂಡದ ಕಾಯಿಲೆ ಇದ್ದವರು ಮಾತ್ರ ವೈದ್ಯರನ್ನು ಕೇಳಿಯೇ ಹೆಚ್ಚಿಸಬೇಕು. ಉಪ್ಪು ಹೆಚ್ಚಾದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಹೊರಹೋಗುತ್ತದೆ. ಉಪ್ಪಿನಕಾಯಿ, ಹಪ್ಪಳ ಮಿತಿಯಲ್ಲಿರಲಿ.

ಮಾತ್ರೆ ಬೇಕಾದವರು ಡಬ್ಬಿಯ ಮೇಲಿನ ಬರಹ ನೋಡಬೇಕು. 1,250 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್‌ನಲ್ಲಿ ನಿಜವಾದ ಕ್ಯಾಲ್ಸಿಯಂ 500 ಮಿಲಿಗ್ರಾಂ ಮಾತ್ರ. ದೇಹ ಒಂದು ಸಲಕ್ಕೆ ಹೀರುವುದೂ ಸುಮಾರು ಅಷ್ಟೇ. ಎರಡು ಬೇಕಿದ್ದರೆ ಬೇರೆ ಬೇರೆ ಹೊತ್ತಿಗೆ ನುಂಗಬೇಕು. ಕಾರ್ಬೊನೇಟನ್ನು ಊಟದ ಜೊತೆ ತೆಗೆದುಕೊಳ್ಳಬೇಕು, ಸಿಟ್ರೇಟ್ ಖಾಲಿ ಹೊಟ್ಟೆಗೂ ಆಗುತ್ತದೆ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಬೇಕು. ಕಬ್ಬಿಣದ ಮಾತ್ರೆಯನ್ನೂ ಬೇರೆ ಹೊತ್ತಿಗೆ ನುಂಗುವುದು ಒಳ್ಳೆಯದು.

ಬಿಸಿಲು ಮತ್ತು ಡಿ ವಿಟಮಿನ್

ತಿಂದ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ದಾಟಲು ಡಿ ವಿಟಮಿನ್ ಬೇಕು. ಅದನ್ನು ಚರ್ಮ ಬಿಸಿಲಿನ ಅತಿನೇರಳೆ ಬಿ ಕಿರಣದಿಂದ ತಯಾರಿಸಿಕೊಳ್ಳುತ್ತದೆ. ಆರೋಗ್ಯಕ್ಕೆ ಒಳ್ಳೆಯದೆಂದು ಎಲ್ಲರೂ ಹೇಳುವ ಎಳೆಬಿಸಿಲಿನಲ್ಲಿ ಈ ಕಿರಣ ಬಹಳ ಕಡಿಮೆ. ತನ್ನ ನೆರಳು ತನ್ನ ಎತ್ತರಕ್ಕಿಂತ ಗಿಡ್ಡವಾಗಿರುವ ಹೊತ್ತು, ಹೆಚ್ಚುಕಡಿಮೆ 11ರಿಂದ 2 ಗಂಟೆ, ಇದಕ್ಕೆ ಸರಿಯಾದ ಸಮಯ. ಮುಖ, ತೋಳು, ಕಾಲುಗಳಿಗೆ ವಾರದಲ್ಲಿ ಕೆಲವು ದಿನ ಇಪ್ಪತ್ತು ಮೂವತ್ತು ನಿಮಿಷ ಬಿಸಿಲು ತಾಗಬೇಕು. ಕಪ್ಪು ಚರ್ಮಕ್ಕೆ ಇನ್ನಷ್ಟು. ಕಿಟಕಿಯ ಗಾಜು ಈ ಕಿರಣವನ್ನು ತಡೆಯುತ್ತದೆ, ಗಾಜಿನ ಹಿಂದೆ ಕುಳಿತರೆ ಸೆಕೆಯಷ್ಟೇ ಲಾಭ. ಹೊಲದಲ್ಲಿ ದುಡಿಯುವವರ ರಕ್ತದಲ್ಲಿ ಈ ವಿಟಮಿನ್ ಪೇಟೆಯವರಿಗಿಂತ ಮೇಲಿದ್ದರೂ ಅವರ ಊಟದಲ್ಲಿ ಕ್ಯಾಲ್ಸಿಯಂ ಸಾಲದೆಂದು ತಿರುಪತಿ ಸೀಮೆಯ ಅಧ್ಯಯನಗಳು ತೋರಿಸಿವೆ. ಒಂದಿದ್ದರೆ ಇನ್ನೊಂದಿಲ್ಲ ಎಂಬ ಈ ಸ್ಥಿತಿ ದಕ್ಷಿಣ ಭಾರತದಲ್ಲಿ ವ್ಯಾಪಕ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಮುದುಕರನ್ನು ನಡುಹಗಲ ಬಿಸಿಲಿಗೆ ಕೂರಿಸುವುದು ಅಪಾಯ, ಅಲ್ಲಿ ಔಷಧವೇ ಮೇಲು.

ರಕ್ತದಲ್ಲಿ ಡಿ ವಿಟಮಿನ್ ಮಿಲಿಲೀಟರಿಗೆ 20 ನ್ಯಾನೊಗ್ರಾಂಗಿಂತ ಕಡಿಮೆಯಿದ್ದರೆ ಕೊರತೆ. ಭಾರತದಲ್ಲಿ ವೈದ್ಯರು ಸಾಮಾನ್ಯವಾಗಿ 60,000 ಯೂನಿಟ್‌ನ ಗುಳಿಗೆ ಅಥವಾ ಪುಡಿಯನ್ನು ವಾರಕ್ಕೊಂದರಂತೆ ಎಂಟು ವಾರ, ಬಳಿಕ ತಿಂಗಳಿಗೊಂದರಂತೆ ಬರೆದುಕೊಡುತ್ತಾರೆ. ಇದನ್ನು ದಿನಕ್ಕೊಂದೆಂದು ತಪ್ಪಾಗಿ ತಿಳಿದು ನುಂಗಿದವರು, ಚೀಟಿ ಇಲ್ಲದೆ ವರ್ಷಗಟ್ಟಲೆ ಕೊಂಡು ತಿಂದವರು, ಮೇಲಿಂದ ಮೇಲೆ ಚುಚ್ಚುಮದ್ದು ಹಾಕಿಸಿಕೊಂಡವರು ವಾಂತಿ, ಮಲಬದ್ಧತೆ, ಗೊಂದಲ, ಮೂತ್ರಪಿಂಡದ ಹಾನಿಯಿಂದ ಆಸ್ಪತ್ರೆ ಸೇರುವುದುಂಟು. ಚೀಟಿಯ ಮೇಲೆ ವಾರದ ದಿನವನ್ನು ಕನ್ನಡದಲ್ಲಿ ಬರೆಸಿಕೊಳ್ಳುವುದು ಸುಲಭದ ಎಚ್ಚರಿಕೆ.

ಭಾರ ಹೊರುವ ಮೂಳೆ

ತನ್ನ ಮೇಲೆ ಬಿದ್ದ ಭಾರಕ್ಕೆ ತಕ್ಕಂತೆ ಮೂಳೆ ಗಟ್ಟಿಯಾಗುತ್ತದೆ. ಭಾರವೇ ಇಲ್ಲದ ಬಾಹ್ಯಾಕಾಶದಲ್ಲಿ ಗಗನಯಾತ್ರಿಗಳ ಸೊಂಟದ ಮೂಳೆ ತಿಂಗಳಿಗೆ ಶೇ 1ರಿಂದ 1.5ರಷ್ಟು ಕರಗುತ್ತದೆ. ಹಾಸಿಗೆ ಹಿಡಿದವರಲ್ಲೂ ಮೂಳೆ ಹೀಗೆಯೇ ಬೇಗ ಸವೆಯುತ್ತದೆ. ಈಜು, ಸೈಕಲ್ ಹೃದಯಕ್ಕೆ ಒಳ್ಳೆಯವು, ಆದರೆ ಮೂಳೆಗೆ ಬೇಕಾದದ್ದು ಕಾಲ ಮೇಲೆ ನಿಂತು ಮಾಡುವ ಕೆಲಸ: ಚುರುಕು ನಡಿಗೆ, ಮೆಟ್ಟಿಲು ಹತ್ತುವುದು, ಕೋಲಾಟದಂಥ ಕುಣಿತ. ನಡಿಗೆಯೊಂದೇ ಸಾಲದು, ಸ್ನಾಯುವಿಗೆ ಪ್ರತಿರೋಧವೂ ಬೇಕು. ಕಡಿಮೆ ಸಾಂದ್ರತೆಯ ಮೂಳೆಯಿದ್ದ, ಮುಟ್ಟು ನಿಂತ ಹೆಂಗಸರು ತರಬೇತುದಾರರ ಕಣ್ಣೆದುರಲ್ಲಿ ವಾರಕ್ಕೆ ಎರಡು ಸಲ, ಅರ್ಧ ಗಂಟೆ ಭಾರ ಎತ್ತಿದಾಗ ಎಂಟು ತಿಂಗಳಲ್ಲಿ ಸಾಂದ್ರತೆ ಸುಧಾರಿಸಿತೆಂದು ಆಸ್ಟ್ರೇಲಿಯಾದ ಒಂದು ಪ್ರಯೋಗ 2018ರಲ್ಲಿ ವರದಿ ಮಾಡಿತು. ಇದನ್ನು ಮನೆಯಲ್ಲಿ ಒಬ್ಬರೇ ಮಾಡಹೊರಡುವುದು ಬೇಡ. ಶುರುಮಾಡಲು ಕುರ್ಚಿಯಿಂದ ಕೈಯೂರದೆ ಹತ್ತು ಸಲ ಎದ್ದು ಕೂರುವುದು, ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಒಂದು ಲೀಟರಿನ ನೀರಿನ ಬಾಟಲಿಯನ್ನು ಎರಡೂ ಕೈಗಳಲ್ಲಿ ಭುಜದ ಮಟ್ಟಕ್ಕೆ ಎತ್ತುವುದು ಸಾಕು. ಹಾಲು ಕಾಯುವಷ್ಟು ಹೊತ್ತು ಕಟ್ಟೆ ಹಿಡಿದು ಒಂದು ಕಾಲಿನ ಮೇಲೆ, ಆಮೇಲೆ ಇನ್ನೊಂದರ ಮೇಲೆ ನಿಂತರೆ ಸಮತೋಲದ ಅಭ್ಯಾಸವಾಗುತ್ತದೆ.

ಯೋಗದ ವಿಷಯದಲ್ಲಿ ಒಂದು ಎಚ್ಚರ ಅತ್ಯಗತ್ಯ. ಬೆನ್ನುಮೂಳೆ ಟೊಳ್ಳಾದವರು ಮುಂದಕ್ಕೆ ಬಾಗಿದಾಗ ಮಣಿಗಳ ಮುಂಭಾಗದ ಮೇಲೆ ಒತ್ತಡ ಬಿದ್ದು ಕುಸಿಯುವ ಸಾಧ್ಯತೆಯಿದೆ. ಪಶ್ಚಿಮೋತ್ತಾನಾಸನ, ಪಾದಹಸ್ತಾಸನ, ಹಲಾಸನ, ಶೀರ್ಷಾಸನಗಳನ್ನು ಅವರು ಬಿಡಬೇಕು. ಸೂರ್ಯನಮಸ್ಕಾರದ ಮುಂಬಾಗುವ ಹಂತಗಳೂ ಇದೇ ಸಾಲಿಗೆ ಸೇರುತ್ತವೆ. ತಾಡಾಸನ, ಗೋಡೆ ಹಿಡಿದ ವೃಕ್ಷಾಸನ, ಹಗುರವಾದ ಭುಜಂಗಾಸನ ಒಳ್ಳೆಯವು. ಸ್ಕ್ಯಾನಿನ ವಿವರವನ್ನು ಯೋಗ ಶಿಕ್ಷಕರಿಗೆ ಮೊದಲೇ ಹೇಳಬೇಕು.

ದಿನದ ಕೆಲಸಗಳಲ್ಲೂ ಇದೇ ನಿಯಮ. ನೆಲದ ಬಿಂದಿಗೆಯನ್ನು ಸೊಂಟ ಬಾಗಿಸಿ ಎತ್ತಬಾರದು. ಮಂಡಿ ಮಡಚಿ, ಬಿಂದಿಗೆಯನ್ನು ಮೈಗೆ ತಾಗಿಸಿ ಏಳಬೇಕು, ಇಲ್ಲವೇ ಅರ್ಧರ್ಧ ಕೊಡ ತುಂಬಿ ಎರಡು ಸಲ ತರಬೇಕು. ಕಸ ಗುಡಿಸಲು ಉದ್ದ ಹಿಡಿಯ ಪೊರಕೆ, ನೆಲ ಒರೆಸಲು ಕೋಲಿನ ಮಾಪ್ ಬೇಕು. ಬಸ್ಸಿನ ಕೊನೆಯ ಸೀಟು ಟೊಳ್ಳಾದ ಬೆನ್ನಿಗೆ ಶತ್ರು: ಹಂಪ್ ಮೇಲೆ ಬಸ್ಸು ಎಗರಿದಾಗ ಕುಳಿತವರು ಸೀಟಿನಿಂದ ಮೇಲೆದ್ದು ಬಿದ್ದು ಬೆನ್ನಿನ ಮಣಿ ಮುರಿದುಕೊಳ್ಳುತ್ತಾರೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಸೀಟನ್ನು ಕೇಳಿ ಪಡೆಯಬೇಕು. ಬೈಕಿನ ಹಿಂದೆ ಒಂದೇ ಕಡೆ ಕಾಲು ಹಾಕಿ ಕೂರುವುದೂ ಅಷ್ಟೇ ಅಪಾಯ.

ಬೀಳದಂತೆ

ಸೊಂಟದ ಮುರಿತಗಳು ಬಹುತೇಕ ಬಿದ್ದೇ ಆಗುತ್ತವೆ, ಬೀಳುವುದು ಹೆಚ್ಚಾಗಿ ಮನೆಯೊಳಗೇ. ಬಚ್ಚಲಿಗೆ ಒರಟು ಟೈಲ್ಸ್ ಅಥವಾ ರಬ್ಬರ್ ಮ್ಯಾಟ್, ಕಮೋಡ್ ಪಕ್ಕದ ಗೋಡೆಗೆ ಉಕ್ಕಿನ ಹಿಡಿಕೆ, ಸ್ನಾನಕ್ಕೆ ಪ್ಲಾಸ್ಟಿಕ್ ಸ್ಟೂಲ್ ಇವು ಒಂದು ದಿನದ ಆಸ್ಪತ್ರೆ ಖರ್ಚಿಗಿಂತ ಅಗ್ಗ. ಟವೆಲ್ ನೇತುಹಾಕುವ ಕಂಬಿ ಮನುಷ್ಯರ ಭಾರ ತಡೆಯುವುದಿಲ್ಲ. ಅದನ್ನೇ ಹಿಡಿಕೆಯಾಗಿ ನೆಚ್ಚಬಾರದು. ಹಾಸಿಗೆಯಿಂದ ಬಚ್ಚಲಿನವರೆಗೆ ರಾತ್ರಿ ಮಂದ ದೀಪ ಉರಿಯಬೇಕು. ನೆಲದ ಮೇಲಿನ ಚಾಪೆ, ಮಡಚಿಕೊಂಡ ಕಾಲೊರಸು, ಅಡ್ಡಬಿದ್ದ ಚಾರ್ಜರ್ ವೈರ್ ಎತ್ತಿಡಬೇಕು. ನೆಲ ಮುಟ್ಟುವ ನೈಟಿ, ಸವೆದ ಹವಾಯಿ ಚಪ್ಪಲಿ ಜಾರಿಸುತ್ತವೆ. ಮಲೆನಾಡಿನಲ್ಲಿ ಮಳೆಗಾಲದ ಅಂಗಳ ಪಾಚಿಗಟ್ಟುತ್ತದೆ. ನಡೆದಾಡುವ ದಾರಿಗೆ ಅಡಿಕೆ ಸೋಗೆ ಹಾಸುವ ರೂಢಿ ಮುದುಕರಿರುವ ಮನೆಯಲ್ಲಿ ತಪ್ಪಬಾರದು.

ಬೀಳುವುದಕ್ಕೆ ದೇಹದ ಕಾರಣಗಳೂ ಇವೆ. ಪೊರೆ ಬಂದ ಕಣ್ಣು, ನಿದ್ರೆ ಮಾತ್ರೆ, ರಕ್ತದೊತ್ತಡದ ಔಷಧದಿಂದ ಎದ್ದೊಡನೆ ಬರುವ ತಲೆಸುತ್ತು, ಬಿ12 ಕೊರತೆ ಅಥವಾ ಸಕ್ಕರೆ ಕಾಯಿಲೆಯಿಂದ ಜೋಮು ಹಿಡಿದ ಪಾದ ಇವನ್ನು ವೈದ್ಯರಿಗೆ ತೋರಿಸಿದರೆ ಪರಿಹಾರವಿದೆ. ರಾತ್ರಿ ಎದ್ದಾಗ ಹಾಸಿಗೆಯ ಅಂಚಿನಲ್ಲಿ ಒಂದು ನಿಮಿಷ ಕುಳಿತು ಆಮೇಲೆ ನಿಲ್ಲಬೇಕು. ಊರುಗೋಲು ಹಿಡಿಯಲು ನಾಚಿಕೊಳ್ಳುವವರು ಬಹಳ, ಅವರ ಮನವೊಲಿಸುವುದು ಮನೆಯವರ ಕೆಲಸ.

ಔಷಧಗಳು

ಕಾಯಿಲೆ ಖಚಿತವಾದ ಮೇಲೆ ಕ್ಯಾಲ್ಸಿಯಂ, ಡಿ ವಿಟಮಿನ್ ಮಾತ್ರದಿಂದ ಸಾಲದು. ಮೂಳೆ ಕರಗುವುದನ್ನು ತಡೆಯುವ ಬಿಸ್ಫಾಸ್ಫೊನೇಟ್ ಗುಂಪಿನ ಔಷಧಗಳೇ ಹೆಚ್ಚಿನವರಿಗೆ ಮೊದಲ ಆಯ್ಕೆ. ಅಲೆಂಡ್ರೊನೇಟ್ 70 ಮಿಲಿಗ್ರಾಂ ಮಾತ್ರೆಯನ್ನು ವಾರಕ್ಕೊಮ್ಮೆ ಬೆಳಿಗ್ಗೆ ಎದ್ದ ಕೂಡಲೇ, ಖಾಲಿ ಹೊಟ್ಟೆಗೆ, ಲೋಟ ತುಂಬ ಬರೀ ನೀರಿನಲ್ಲಿ ನುಂಗಬೇಕು. ಅದಾಗಿ ಅರ್ಧ ಗಂಟೆ ಮಲಗಬಾರದು, ಕಾಫಿಯನ್ನೂ ಕುಡಿಯಬಾರದು. ಈ ಕ್ರಮ ತಪ್ಪಿದರೆ ಔಷಧ ಮೈಗೆ ಹತ್ತುವುದಿಲ್ಲ, ಅನ್ನನಾಳವೂ ಹುಣ್ಣಾಗಬಹುದು. ಇದು ಆಗದವರಿಗೆ ಝೋಲೆಡ್ರೊನಿಕ್ ಆಮ್ಲವನ್ನು ವರ್ಷಕ್ಕೊಮ್ಮೆ ಡ್ರಿಪ್ ಮೂಲಕ ಕೊಡುತ್ತಾರೆ. 2007ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಇದು ಮೂರು ವರ್ಷಗಳಲ್ಲಿ ಬೆನ್ನುಮೂಳೆಯ ಮುರಿತವನ್ನು ಶೇ 70, ಸೊಂಟದ ಮುರಿತವನ್ನು ಶೇ 41 ತಗ್ಗಿಸಿತು. ಮೊದಲ ಸಲ ಒಂದೆರಡು ದಿನ ಜ್ವರ, ಮೈಕೈನೋವು ಬರುವುದು ಸಾಮಾನ್ಯ, ಪ್ಯಾರಸಿಟಮಾಲ್ ಸಾಕು. ಕೊಡುವ ಮೊದಲು ಮೂತ್ರಪಿಂಡದ ಪರೀಕ್ಷೆಯಾಗಿರಬೇಕು, ಡಿ ವಿಟಮಿನ್ ಕೊರತೆ ತುಂಬಿರಬೇಕು.

ದವಡೆಯ ಮೂಳೆ ಕೊಳೆಯುವುದು, ತೊಡೆಮೂಳೆ ನಡುವೆ ಸೀಳುವುದು ಈ ಔಷಧಗಳ ಅತಿ ವಿರಳ ಅಡ್ಡಪರಿಣಾಮಗಳು. ಇವುಗಳ ಸುದ್ದಿ ಕೇಳಿ ಹೆದರಿ ಔಷಧವನ್ನೇ ಬಿಡುವವರಿಗೆ ಸೊಂಟ ಮುರಿಯುವ ಅಪಾಯ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಹಲ್ಲು ಕೀಳಿಸುವುದಿದ್ದರೆ ಶುರುವಿಗೆ ಮೊದಲೇ ಮುಗಿಸಬೇಕು; ತೊಡೆಯಲ್ಲಿ ಹೊಸದಾಗಿ ಮಂದನೋವು ಬಂದರೆ ತಿಳಿಸಬೇಕು. ಮಾತ್ರೆಯಾದರೆ ಐದು, ಡ್ರಿಪ್ ಆದರೆ ಮೂರು ವರ್ಷದ ಬಳಿಕ ಮುಂದುವರಿಸಬೇಕೇ, ಬಿಡುವು ಕೊಡಬೇಕೇ ಎಂಬುದನ್ನು ವೈದ್ಯರು ಪರಿಶೀಲಿಸುತ್ತಾರೆ.

ಡೆನೊಸುಮ್ಯಾಬ್ ಆರು ತಿಂಗಳಿಗೊಮ್ಮೆ ಚರ್ಮದಡಿ ಕೊಡುವ ಚುಚ್ಚುಮದ್ದು. ಇದನ್ನು ತಡಮಾಡಿದರೆ ಅಥವಾ ಬೇರೆ ಔಷಧ ಶುರುಮಾಡದೆ ನಿಲ್ಲಿಸಿದರೆ ತಡೆದಿದ್ದ ಸವೆತ ಒಮ್ಮೆಲೇ ಮರುಕಳಿಸಿ ಬೆನ್ನಿನ ಹಲವು ಮಣಿಗಳು ಒಟ್ಟಿಗೆ ಕುಸಿಯಬಹುದು. ಮುಂದಿನ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಬೇಕು. ಊರು ಬಿಟ್ಟು ಮಕ್ಕಳ ಮನೆಗೆ ಹೋಗುವವರು ಅಲ್ಲಿ ಏರ್ಪಾಡು ಮಾಡಿಕೊಂಡೇ ಹೊರಡಬೇಕು. ಮೂಳೆ ತೀರ ಶಿಥಿಲವಾದವರಿಗೆ ಹೊಸ ಮೂಳೆ ಕಟ್ಟಿಸುವ ಟೆರಿಪ್ಯಾರಟೈಡ್ ಇದೆ. ಇನ್ಸುಲಿನ್‌ನಂತೆ ಪೆನ್ ಮೂಲಕ ದಿನವೂ ಚುಚ್ಚಿಕೊಳ್ಳಬೇಕು, ಫ್ರಿಜ್ಜಿನಲ್ಲಿಡಬೇಕು, ಹೆಚ್ಚೆಂದರೆ ಎರಡು ವರ್ಷ. ಅದು ಮುಗಿದ ಮೇಲೆ ಸವೆತ ತಡೆಯುವ ಔಷಧ ಶುರುಮಾಡದಿದ್ದರೆ ಗಳಿಸಿದ್ದು ಮತ್ತೆ ಹೋಗುತ್ತದೆ.

ಮುರಿದ ಮೇಲೆ

ಬಿದ್ದವರ ಒಂದು ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿ, ಎತ್ತಲಾಗದಿದ್ದರೆ ಸೊಂಟ ಮುರಿದಿದೆ ಎಂದೇ ತಿಳಿದು ಆಸ್ಪತ್ರೆಗೆ ಸಾಗಿಸಬೇಕು. ತೊಡೆಮೂಳೆಯ ಕತ್ತು ಕಟ್ಟು ಹಾಕಿದರೆ ಕೂಡುವುದಿಲ್ಲ. ಎಣ್ಣೆ, ಪಟ್ಟಿ ಕಟ್ಟಿಸಿ ತಿಂಗಳುಗಟ್ಟಲೆ ಮಲಗಿಸಿದರೆ ಬೆನ್ನುಹುಣ್ಣು, ನ್ಯುಮೋನಿಯಾ, ಕಾಲಿನ ರಕ್ತನಾಳದಲ್ಲಿ ಹೆಪ್ಪು ಬಂದು ಪ್ರಾಣಕ್ಕೇ ಕುತ್ತು. ವಯಸ್ಸಾಗಿದೆ, ಆಪರೇಷನ್ ತಡೆಯಲಾರರು ಎಂದು ಮನೆಯವರು ಹಿಂಜರಿಯುವುದುಂಟು, ತಡೆಯಲಾಗದ್ದು ಮಲಗುವುದನ್ನೇ. ಆದಷ್ಟೂ 48 ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಮಾಡಿಸಿ, ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸಿದಾಗ ಚೇತರಿಕೆ ಉತ್ತಮ.

ಬೆನ್ನಿನ ಮಣಿ ಕುಸಿದವರಿಗೆ ನೋವುನಿವಾರಕದೊಂದಿಗೆ ಕೆಲವೇ ದಿನದ ವಿಶ್ರಾಂತಿ ಸಾಕು, ಆಮೇಲೆ ಮೆಲ್ಲನೆ ಓಡಾಡಬೇಕು. ಬೆಲ್ಟನ್ನು ತಿಂಗಳಾನುಗಟ್ಟಲೆ ಕಟ್ಟಿದರೆ ಸ್ನಾಯು ಸೊರಗುತ್ತದೆ. ಹಾಸಿಗೆಯಿಂದ ನೇರ ಎದ್ದು ಕೂರದೆ, ಮಂಡಿ ಮಡಚಿ, ಭುಜ ಮತ್ತು ಸೊಂಟ ಒಟ್ಟಿಗೆ ಬರುವಂತೆ ಮಗ್ಗುಲಾಗಿ, ಕಾಲನ್ನು ಕೆಳಗಿಳಿಸುತ್ತ ಕೈಯೂರಿ ಏಳಬೇಕು. ಕೆಮ್ಮು, ಸೀನು ಬಂದಾಗ ಬೆನ್ನನ್ನು ಕುರ್ಚಿಗೋ ಗೋಡೆಗೋ ಒತ್ತಿಹಿಡಿಯಬೇಕು. ಕಾಲು ಜೋಮು ಹಿಡಿದರೆ, ಬಲ ಕಳೆದುಕೊಂಡರೆ, ಮೂತ್ರದ ಹಿಡಿತ ತಪ್ಪಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ರಾತ್ರಿಯೂ ಬಿಡದ ನೋವು, ತೂಕ ಇಳಿಕೆ, ರಕ್ತಹೀನತೆ ಜೊತೆಗಿದ್ದರೆ ಮಜ್ಜೆಯ ಕ್ಯಾನ್ಸರ್ ಅಲ್ಲವೆಂದು ಪರೀಕ್ಷಿಸಿಯೇ ಮುಂದುವರಿಯಬೇಕು.

ಮುರಿದದ್ದು ಮಣಿಕಟ್ಟೇ ಆಗಿರಲಿ, ಪ್ಲಾಸ್ಟರ್ ಹಾಕಿದ ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು ಮೂರು: ಡೆಕ್ಸಾ ಯಾವಾಗ, ಯಾವ ರಕ್ತಪರೀಕ್ಷೆ, ಔಷಧ ಯಾವುದು. ಔಷಧ ಶುರುವಾದ ಒಂದರಿಂದ ಎರಡು ವರ್ಷಕ್ಕೆ ಮತ್ತೆ ಸ್ಕ್ಯಾನ್ ಮಾಡಿಸಬೇಕು, ಆದಷ್ಟೂ ಅದೇ ಯಂತ್ರದಲ್ಲಿ; ಯಂತ್ರ ಬದಲಾದರೆ ಅಂಕಿಗಳನ್ನು ಹೋಲಿಸಲಾಗುವುದಿಲ್ಲ. ಸಾಂದ್ರತೆ ಏರದೆ ಇದ್ದಷ್ಟೇ ಉಳಿದಿದ್ದರೂ ಚಿಕಿತ್ಸೆ ಫಲ ಕೊಟ್ಟಿದೆ ಎಂದರ್ಥ. ಕುಸಿದಿದ್ದರೆ ಔಷಧ ಬದಲಿಸುವ ಮೊದಲು ರೋಗಿ ಮಾತ್ರೆಯನ್ನು ಸರಿಯಾದ ಕ್ರಮದಲ್ಲಿ ನುಂಗುತ್ತಿದ್ದರೇ ಎಂದು ವಿಚಾರಿಸಬೇಕು.